ಹೊಸೂರಿನಿಂದ ಗಾಲ್ಫ್ ಮೈದಾನಕ್ಕೆ: ಮಗಳ ಮೊದಲ ಟೂರ್ನಮೆಂಟ್‌ಗಾಗಿ ಓಡಾಡಿದ ಹನ್ನೊಂದು ತಿಂಗಳು

ಕಳೆದ ತಿಂಗಳು ನನ್ನ ಮಗಳು ಮೊದಲ ಸಲ ಗಾಲ್ಫ್ ಟೂರ್ನಮೆಂಟ್ ಆಡಿ ಬಂದಳು. ಅವಳಿಗೆ ಹನ್ನೆರಡು ವರ್ಷ. ಆಟ ಎರಡೇ ದಿನ. ಅದಕ್ಕೆ ಮುಂಚಿನ ಓಡಾಟ ಹನ್ನೊಂದು ತಿಂಗಳು.

ನಾವಿರುವುದು ಹೊಸೂರಿನ ಹತ್ತಿರ, ಮತ್ತಿಗಿರಿ ಕಡೆ. ಯಜಮಾನರು ಸಿಪ್ಕಾಟ್‌ನ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸಕ್ಕೆ ಹೋಗುತ್ತಾರೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಮ್ಮ ಎರಡೂ ಕಡೆ ನೆಂಟರಲ್ಲಿ ಗಾಲ್ಫ್ ಮೈದಾನದ ಗೇಟು ದಾಟಿದವರೇ ಇರಲಿಲ್ಲ. ಯಾವ ಕಾಗದ ಬೇಕು, ಯಾವುದು ಮೊದಲು, ಎಷ್ಟು ದುಡ್ಡು ಅಂತ ಹೇಳುವವರು ಸಿಗದೆ ತುಂಬಾ ಅಲೆದೆವು. ಗಡಿಯ ಈ ಕಡೆ ನಮ್ಮಂಥ ಇನ್ನೊಂದು ಮನೆ ಇದ್ದರೆ ಅವರಿಗೆ ಆ ಅಲೆದಾಟ ಸ್ವಲ್ಪ ಕಡಿಮೆಯಾಗಲಿ ಅಂತ ಬರೆಯುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು 2021ರ ಆಗಸ್ಟ್ 7ರಂದು. ಟೋಕಿಯೊ ಒಲಿಂಪಿಕ್ಸ್. ಅವತ್ತು ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದಿದ್ದು ಎಲ್ಲರಿಗೂ ನೆನಪಿದೆ. ಅದೇ ದಿನ ಬೆಳಗ್ಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೊನೆಯ ಸುತ್ತು ಆಡುತ್ತಿದ್ದರು. ಯಜಮಾನರು ರಾತ್ರಿ ಪಾಳಿ ಮುಗಿಸಿ ಬಂದು ಟಿವಿ ಹಾಕಿದರು. ನಮಗೆ ಆಟದ ತಲೆಬುಡ ಗೊತ್ತಿರಲಿಲ್ಲ. ಕಡಿಮೆ ಹೊಡೆತದಲ್ಲಿ ಮುಗಿಸಿದವರು ಗೆಲ್ಲುತ್ತಾರೆ ಅಂತ ಅಷ್ಟೇ ಅರ್ಥವಾಗಿತ್ತು. ಎಂಟು ವರ್ಷದ ಮಗಳು ಮಾತ್ರ ಅಲುಗಾಡದೆ ಕೂತಿದ್ದಳು. ಬ್ಯಾಗ್ ಹಿಡಿದುಕೊಂಡು ಜೊತೆಗೆ ನಡೆಯುತ್ತಿದ್ದವರು ಅದಿತಿಯ ಅಮ್ಮ ಅಂತ ತಿಳಿದಾಗ ನಾನೂ ಒಲೆ ಆರಿಸಿ ಬಂದು ಕೂತೆ. ಮಳೆ ಬಂತು, ಆಟ ನಿಂತಿತು, ಮತ್ತೆ ಶುರುವಾಯಿತು. ಇಷ್ಟು ಹೊಡೆತದಲ್ಲಿ ಮುಗಿಸಬೇಕು ಅಂತ ಮೈದಾನಕ್ಕೆ ಇಟ್ಟ ಲೆಕ್ಕಕ್ಕೆ ಪಾರ್ ಅಂತಾರೆ. ಕೊನೆಗೆ ಚಿನ್ನ ಗೆದ್ದ ನೆಲ್ಲಿ ಕೋರ್ಡಾ ಪಾರ್‌ಗಿಂತ 17 ಕಡಿಮೆ, ಮುಂದಿನ ಇಬ್ಬರು 16 ಕಡಿಮೆ, ಅದಿತಿ 15 ಕಡಿಮೆ. ನಾಲ್ಕನೇ ಜಾಗ. ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಮಗಳು ಅತ್ತಳು. ಆಮೇಲೆ ಮಧ್ಯಾಹ್ನ ಛತ್ರಿ ತಿರುಗಿಸಿ ಹಿಡಿದು ಅಂಗಳದಲ್ಲಿ ನಿಂಬೆಹಣ್ಣು ಹೊಡೆಯುತ್ತಿದ್ದಳು.

ನಾಲ್ಕು ದಿನಕ್ಕೆ ಮರೆಯುತ್ತಾಳೆ ಅಂದುಕೊಂಡೆವು. ಮರೆಯಲಿಲ್ಲ. ಮುಂದಿನ ವರ್ಷ ಬೇಸಿಗೆ ರಜೆಯಲ್ಲಿ ಡ್ರೈವಿಂಗ್ ರೇಂಜ್‌ಗೆ ಕರೆದುಕೊಂಡು ಹೋದೆವು. ರೇಂಜ್ ಅಂದರೆ ಒಂದೇ ಕಡೆ ನಿಂತು ಚೆಂಡು ಹೊಡೆದು ಕಲಿಯುವ ಜಾಗ. ಇದಕ್ಕೆ ಕ್ಲಬ್ಬಿನ ಸದಸ್ಯರಾಗಬೇಕು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಎಲ್ಲ ಕಡೆ ಹಾಗಿಲ್ಲ. ದುಡ್ಡು ಕೊಟ್ಟು ಒಂದು ಬಕೆಟ್ ಚೆಂಡು ತೆಗೆದುಕೊಂಡು ಹೊಡೆಯಬಹುದಾದ ಜಾಗಗಳಿವೆ. ನಾವು ಹೋದ ಕಡೆ 50 ಚೆಂಡಿಗೆ 150 ರೂಪಾಯಿ. ಅದಿತಿ ಮನೆಯಲ್ಲೂ ಮೊದಲು ಗಾಲ್ಫ್ ಆಡಿದವರು ಯಾರೂ ಇರಲಿಲ್ಲವಂತೆ. ಐದಾರು ವರ್ಷದಲ್ಲಿ ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ರೇಂಜ್ ನೋಡಿ ಆಸೆಪಟ್ಟು ಶುರುಮಾಡಿದ್ದಂತೆ. ಇದನ್ನು ಓದಿದ್ದರಿಂದಲೇ ನಮಗೆ ಒಳಗೆ ಕಾಲಿಡುವ ಧೈರ್ಯ ಬಂದಿದ್ದು.

ಒಂದು ತಪ್ಪು ಮಾಡಿದೆವು, ನೀವು ಮಾಡಬೇಡಿ. ದೊಡ್ಡವರ ಹಳೇ ಕೋಲು ಎರಡು ಸಾವಿರಕ್ಕೆ ಸಿಕ್ಕಿತು ಅಂತ ತಂದು, ಯಜಮಾನರ ಫ್ಯಾಕ್ಟರಿಯ ಗೆಳೆಯರಿಂದ ಕತ್ತರಿಸಿ ಚಿಕ್ಕದು ಮಾಡಿಸಿದೆವು. ಕೋಚ್ ಕೈಯಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟುಬಿಟ್ಟರು. ಉದ್ದ ಕಡಿಮೆಯಾದರೂ ತೂಕ ದೊಡ್ಡವರದ್ದೇ, ಬಳುಕುವುದೂ ಇಲ್ಲ. ಮಗು ಅದನ್ನು ಬೀಸಲು ಮೈ ತಿರುಚಿ ತಪ್ಪು ಅಭ್ಯಾಸ ಮಾಡಿಕೊಳ್ಳುತ್ತೆ ಅಂದರು. ಮಕ್ಕಳಿಗಂತಲೇ ಮಾಡಿದ ಸೆಟ್ ಬೇಕು. ಹೊಸದು ಬೇಡ, ಒಂದೂವರೆ ವರ್ಷಕ್ಕೆ ಮಗು ಬೆಳೆದು ಸೆಟ್ ಚಿಕ್ಕದಾಗುತ್ತೆ. ನನ್ನ ತಮ್ಮ ಬಾಗಲೂರು ಕಡೆ ಪಾಲಿಹೌಸ್‌ನಲ್ಲಿ ಗುಲಾಬಿ ಬೆಳೆಯುತ್ತಾನೆ. ಆ ವರ್ಷ ಫೆಬ್ರವರಿಯಲ್ಲಿ ಹೂವಿಗೆ ಒಳ್ಳೆ ರೇಟು ಸಿಕ್ಕಿತ್ತು. ಸೋದರಮಾವನ ಉಡುಗೊರೆ ಅಂತ ಅವನೇ 14,000 ಕೊಟ್ಟು ಸೆಕೆಂಡ್ ಹ್ಯಾಂಡ್ ಜೂನಿಯರ್ ಸೆಟ್ ಕೊಡಿಸಿದ. ಜೊತೆಗೆ ಹರಿದ ಶೇಡ್ ನೆಟ್ ಕೊಟ್ಟ. ಅದನ್ನು ನಾಲ್ಕು ಮಡಿಕೆ ಮಾಡಿ, ಅಂಚಿಗೆ ಪಟ್ಟಿ ಹೊಲಿದು, ಎರಡು ತೆಂಗಿನ ಮರದ ಮಧ್ಯೆ ಕಟ್ಟಿದೆ. ಮೂರು ವರ್ಷದಿಂದ ಅದೇ ನಮ್ಮ ರೇಂಜ್. ಚೆಂಡು ಬಡಿದು ಬಡಿದು ಮಧ್ಯದಲ್ಲಿ ತಟ್ಟೆಯಗಲ ತೇಪೆಯ ಮೇಲೆ ತೇಪೆ ಇದೆ.

ಮಗಳು ಸಣಕಲು. ಚೆಂಡು ದೂರ ಹೋಗುವುದಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಿದ್ದಳು. ಆಗ ಕೋಚ್ ಹೇಳಿದ ಒಂದು ಮಾತು ತುಂಬಾ ಕೆಲಸಕ್ಕೆ ಬಂತು. ಟೋಕಿಯೊದಲ್ಲಿ ದೂರ ಹೊಡೆಯುವ ಲೆಕ್ಕದಲ್ಲಿ ಅದಿತಿ ತೀರಾ ಹಿಂದಿದ್ದರಂತೆ. ಅವರನ್ನು ಅಷ್ಟು ಮೇಲೆ ತಂದದ್ದು ಪಟ್ಟಿಂಗ್, ಅಂದರೆ ಗ್ರೀನ್ (ಹೋಲ್ ಸುತ್ತಲಿನ ನುಣುಪು ಹುಲ್ಲು) ಮೇಲೆ ಚೆಂಡನ್ನು ಹೋಲ್‌ಗೆ ಉರುಳಿಸುವ ಕೆಲಸ. ಅದಕ್ಕೆ ಬಲ ಬೇಡ, ದುಡ್ಡೂ ಬೇಡ. ಅವತ್ತಿನಿಂದ ದಿನಾ ರಾತ್ರಿ ಊಟಕ್ಕೆ ಮುಂಚೆ ಹಾಲ್‌ನಲ್ಲಿ ಚಾಪೆ ಹಾಸಿ, ಆ ತುದಿಗೆ ಸ್ಟೀಲ್ ಚೊಂಬು ಮಲಗಿಸಿ ನೂರು ಪಟ್. ಒಳಗೆ ಹೋದರೆ ಟಣ್ ಅನ್ನುತ್ತೆ. ನಾನು ಅಡುಗೆಮನೆಯಿಂದಲೇ ಎಣಿಸುತ್ತೇನೆ.

ಇನ್ನು ಕಾಗದದ ಕತೆಗೆ ಬರುತ್ತೇನೆ. ಜಾಸ್ತಿ ಹೇಳಬೇಕಾದ್ದು ಇದೇ.

ಟೂರ್ನಮೆಂಟ್ ಆಡಿಸಬಹುದು ಅಂತ ಕೋಚ್ ಹೇಳಿದಾಗ ನೋಂದಣಿಗೆ ಕೇಳಿದ್ದು ಹುಟ್ಟಿದ ಪ್ರಮಾಣಪತ್ರ, ಆಧಾರ್, ಶಾಲೆಯಿಂದ ಬೊನಫೈಡ್ (ಇಲ್ಲೇ ಓದುತ್ತಿದ್ದಾಳೆ ಅನ್ನುವ ಪತ್ರ), ಫೋಟೊ, ಮತ್ತೆ ಹ್ಯಾಂಡಿಕ್ಯಾಪ್ ಅನ್ನುವ ಗಾಲ್ಫ್ ಸಂಖ್ಯೆ, ಅದೇನು ಅಂತ ಆಮೇಲೆ ಹೇಳುತ್ತೇನೆ. ವಯಸ್ಸಿನ ಗುಂಪು ಇರುವುದರಿಂದ ಹುಟ್ಟಿದ ಪ್ರಮಾಣಪತ್ರ ಬಹಳ ಕಟ್ಟುನಿಟ್ಟು. ಬೀರುವಿನಿಂದ ತೆಗೆದು ನೋಡುತ್ತೇನೆ, ಹೆಸರಿನ ಜಾಗ ಖಾಲಿ. ಹೆಣ್ಣು ಅಂತ ಇದೆ, ತಾರೀಖು ಇದೆ, ನಮ್ಮಿಬ್ಬರ ಹೆಸರಿದೆ. ಮಗುವಿನ ಹೆಸರಿಲ್ಲ. ಚೊಚ್ಚಲ ಹೆರಿಗೆ, ತವರಿನಲ್ಲಿ ಆಗಿದ್ದು. ನಾಮಕರಣಕ್ಕೆ ಮುಂಚೆಯೇ ಆಸ್ಪತ್ರೆಯವರು ನೋಂದಣಿಗೆ ಕಳಿಸಿದ್ದರು. ಆಮೇಲೆ ಹೆಸರು ಸೇರಿಸಬೇಕು ಅಂತ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಶಾಲೆಗೆ ಅದೇ ಕಾಗದ ಕೊಟ್ಟಿದ್ದೆವು, ಅವರೂ ಸುಮ್ನೆ ತೆಗೆದುಕೊಂಡಿದ್ದರು.

ನಿಮ್ಮ ಮಗುವಿನದನ್ನು ಈಗಲೇ ತೆಗೆದು ನೋಡಿ. ಹೆಸರಿಲ್ಲದಿದ್ದರೆ ನೋಂದಣಿಯಾದ ಮೊದಲ 12 ತಿಂಗಳಲ್ಲಿ ಪುಕ್ಕಟೆ ಸೇರಿಸಬಹುದು. ಆಮೇಲೆ 15 ವರ್ಷದವರೆಗೆ ಸ್ವಲ್ಪ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಹುಟ್ಟನ್ನು ಯಾವ ಕಚೇರಿಯಲ್ಲಿ ಬರೆಸಿದ್ದಾರೋ ಅಲ್ಲೇ ಹೋಗಬೇಕು, ಈಗ ಇರುವ ಊರಿನಲ್ಲಿ ಅಲ್ಲ. ನಾವು ಇದು ತಿಳಿಯದೆ ಎರಡು ದಿನ ಬೇರೆ ಕಚೇರಿಯಲ್ಲಿ ಕಾದೆವು.

ಸರಿಯಾದ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಹಳೇ ರಿಜಿಸ್ಟರ್ ತೆಗೆಯಬೇಕು, ಮುಂದಿನ ವಾರ ಬನ್ನಿ ಅಂದರು. ಮುಂದಿನ ವಾರ ಹೋದರೆ ಸಂಬಂಧಪಟ್ಟವರು ರಜೆ. ಹೀಗೇ ಏಳು ವಾರ. ಎಂಟನೇ ವಾರ ಕೈಗೆ ಬಂತು. ಬಸ್ ಸ್ಟ್ಯಾಂಡ್‌ನಲ್ಲಿ ನಿಂತು ಖುಷಿಯಿಂದ ಓದಿದೆ. ಇಂಗ್ಲಿಷ್‌ನಲ್ಲಿ ಹೆಸರು ತಪ್ಪಾಗಿತ್ತು. ಮಗಳ ಹೆಸರು ಶುರುವಾಗುವುದು ‘ಭ’ ಅಕ್ಷರದಿಂದ. ತಮಿಳಿನಲ್ಲಿ ಪ, ಬ, ಭ ಎಲ್ಲಕ್ಕೂ ಒಂದೇ ಅಕ್ಷರ. ನಾವು ಅರ್ಜಿಯನ್ನು ತಮಿಳಿನಲ್ಲಿ ಬರೆಸಿದ್ದೆವು. ಟೈಪ್ ಮಾಡಿದವರು ಅದನ್ನು ನೋಡಿ ಇಂಗ್ಲಿಷ್‌ನಲ್ಲಿ ‘ಪ’ ಹಾಕಿದ್ದರು. ಅವರನ್ನು ಬೈಯ್ಯಲಾರೆ, ಅಕ್ಷರ ನೋಡಿದರೆ ಯಾರಾದರೂ ಹಾಗೇ ಓದುತ್ತಾರೆ. ಆದರೆ ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಹನ್ನೊಂದು ವರ್ಷ ಮಗು ಕೂಗಿಗೆ ಓಗೊಟ್ಟ ಹೆಸರು, ಕಾಗದದ ಮೇಲೆ ಬೇರೆ ಯಾರದೋ ಆಗಿ ಕೂತಿತ್ತು.

ತಿದ್ದುಪಡಿಗೆ ಮತ್ತೆ ಅರ್ಜಿ, ಮತ್ತೆ ಆರು ವಾರ. ಕನ್ನಡ, ತೆಲುಗು ಮನೆಯವರು ದಯವಿಟ್ಟು ಇದನ್ನು ನೆನಪಿಡಿ: ಅರ್ಜಿಯಲ್ಲಿ ತಮಿಳಿನ ಜೊತೆಗೆ ಇಂಗ್ಲಿಷ್ ದೊಡ್ಡ ಅಕ್ಷರದಲ್ಲೂ ಹೆಸರು ಬರೆಯಿರಿ. ಮುದ್ರಿಸುವ ಮುಂಚೆ ಕಂಪ್ಯೂಟರ್ ಪರದೆ ತೋರಿಸಿ ಅಂತ ಕೇಳಿ. ಎರಡನೇ ಸಲ ನಾನು ಕೇಳಿದೆ. ಆ ಹುಡುಗಿ ಬೇಸರಪಡದೆ ಪರದೆ ನನ್ನ ಕಡೆ ತಿರುಗಿಸಿದಳು. ಗ, ದ, ಭ ಇರುವ ಹೆಸರಾದರೆ ಇನ್ನೂ ಹುಷಾರಾಗಿರಿ.

ಅಷ್ಟಕ್ಕೇ ಮುಗಿಯಲಿಲ್ಲ. ಆಧಾರ್‌ನಲ್ಲಿ ಹೆಸರಿನ ಜೊತೆ ಅಪ್ಪನ ಪೂರ್ತಿ ಹೆಸರು, ಶಾಲೆಯಲ್ಲಿ ಬರೀ ಇನಿಷಿಯಲ್. ನಮ್ಮ ಜಿಲ್ಲೆಯಲ್ಲಿ ಇನಿಷಿಯಲ್ ಸಹಜ, ಆದರೆ ಹೊರಗಿನವರಿಗೆ ಇಬ್ಬರು ಬೇರೆ ಮಕ್ಕಳ ಹಾಗೆ ಕಾಣುತ್ತೆ. ಅದೂ ಅಲ್ಲದೆ ಮೂರು ವರ್ಷಕ್ಕೆ ಮಾಡಿಸಿದ ಆಧಾರ್, ಐದು ವರ್ಷ ತುಂಬಿದ ಮೇಲೆ ಬೆರಳಚ್ಚು ಕೊಟ್ಟಿರಲಿಲ್ಲ. ಅದನ್ನೂ ಮಾಡಿಸಿದೆವು. ಕ್ರಮ ಹೀಗೆ ಇಟ್ಟುಕೊಳ್ಳಿ. ಮೊದಲು ಹುಟ್ಟಿದ ಪ್ರಮಾಣಪತ್ರ ಸರಿಯಾಗಲಿ. ಅದರ ಪ್ರಕಾರ ಆಧಾರ್. ಎರಡನ್ನೂ ತೋರಿಸಿ ಶಾಲೆಯ ದಾಖಲೆ. ನಾವು ಹಿಂದುಮುಂದು ಮಾಡಿ ಆಧಾರ್ ಕೇಂದ್ರಕ್ಕೆ ಮೂರು ಸಲ ಹೋದೆವು. ಕಾಗದಕ್ಕೆ ಕಟ್ಟಿದ ದುಡ್ಡು ಏಳುನೂರು ದಾಟಿಲ್ಲ. ಆದರೆ ಯಜಮಾನರು ಸಂಬಳವಿಲ್ಲದೆ ಆರು ದಿನ ರಜೆ ಹಾಕಿದರು. ನನ್ನ ಮದುವೆ ಸೀಸನ್‌ನ ಹೊಲಿಗೆ ಆರ್ಡರ್ ಎರಡು ಕೈತಪ್ಪಿತು.

ಅರ್ಜಿಯಲ್ಲಿ ರಾಜ್ಯ ಅಂತ ಒಂದು ಖಾನೆ. ಮನೆ ತಮಿಳುನಾಡು, ಆಟ ಕಲಿಯುವುದು ಅತ್ತಿಬೆಲೆ ದಾಟಿ ಕರ್ನಾಟಕದಲ್ಲಿ, ಮನೆಮಾತು ಕನ್ನಡ. ಆ ಕಡೆ ಹೋದರೆ ತಮಿಳುನಾಡಿನವರಾ ಅಂತಾರೆ, ಈ ಕಡೆ ಕಚೇರಿಗಳಲ್ಲಿ ಕರ್ನಾಟಕದವರಾ ಅಂತಾರೆ. ಗಡಿಯಲ್ಲಿ ಇರುವವರಿಗೆಲ್ಲ ಇದು ಅಭ್ಯಾಸ, ಅಲ್ವಾ? ವಿಳಾಸ ಎಲ್ಲಿದೆಯೋ ಅದನ್ನೇ ಬರೆದೆವು. ತಮಿಳುನಾಡು.

ಹ್ಯಾಂಡಿಕ್ಯಾಪ್ ಬಗ್ಗೆ ಹೇಳಬೇಕು. ಆಟಗಾರರ ಮಟ್ಟ ತೋರಿಸುವ ಸಂಖ್ಯೆ ಅದು. ಕಡಿಮೆ ಇದ್ದಷ್ಟೂ ಒಳ್ಳೆಯದು. ಹೆಚ್ಚೆಂದರೆ 54. ಮೊದಲ ಸಲ ಸಿಗಬೇಕಾದರೆ ಕನಿಷ್ಠ 54 ಹೋಲ್ ಆಡಿದ ಕಾರ್ಡ್ ಕೊಡಬೇಕು, ಅಂದರೆ 18 ಹೋಲ್‌ನ ಮೂರು ಪೂರ್ತಿ ಸುತ್ತು. ಕಾರ್ಡ್ ಮೇಲೆ ಜೊತೆಯಲ್ಲಿ ಆಡಿದವರು ಮಾರ್ಕರ್ ಅಂತ ಸಹಿ ಹಾಕಿರಬೇಕು. ನಾವು ಸದಸ್ಯರಲ್ಲವಾದ್ದರಿಂದ ಕೋಚ್ ಮೂಲಕ ವಾರದ ದಿನಗಳಲ್ಲಿ ಆಡಿಸಿದೆವು. ಶನಿವಾರ ಭಾನುವಾರ ರೇಟು ಜಾಸ್ತಿ, ಜಾಗವೂ ಸಿಗುವುದಿಲ್ಲ. ಒಂದು ಸುತ್ತಿಗೆ ಬ್ಯಾಗ್ ಹಿಡಿದು ಜೊತೆಗೆ ನಡೆಯುವ ಕ್ಯಾಡಿಯದ್ದೂ ಸೇರಿ ಸುಮಾರು 1,800 ಆಯಿತು. ಎರಡನೇ ಕಾರ್ಡ್‌ನಲ್ಲಿ ಮಾರ್ಕರ್ ಸಹಿ ಮರೆತು ಹೊರಟುಹೋಗಿದ್ದರು. ಆ ಕಾರ್ಡ್ ಲೆಕ್ಕಕ್ಕೆ ಬರಲಿಲ್ಲ. ಇನ್ನೊಂದು ಸುತ್ತು, ಇನ್ನೊಂದು 1,800. ಆ ತಿಂಗಳು ನಾನು ಚೀಟಿ ಎತ್ತಿದೆ.

ಬಟ್ಟೆಗೂ ನಿಯಮವಿದೆ. ಜೀನ್ಸ್ ಬಿಡುವುದಿಲ್ಲ, ಕಾಲರ್ ಬೇಕು. ಅಂಗಡಿಯಲ್ಲಿ ಗಾಲ್ಫ್ ಟೀಶರ್ಟ್ ಅಂತ ಕೇಳಿದರೆ ಎರಡು ಸಾವಿರದ ಮೇಲೆ. ಒಳ್ಳೆ ಹತ್ತಿ ಬಟ್ಟೆ ತಂದು ಕಾಲರ್ ಇಟ್ಟು ನಾನೇ ಎರಡು ಹೊಲಿದೆ. ತೋಳು ಬೀಸುವಾಗ ಕಂಕುಳ ಹತ್ತಿರ ಹಿಡಿಯಬಾರದು ಅಂತ ಅಲ್ಲಿ ಸಣ್ಣ ತ್ರಿಕೋನದ ತುಂಡು ಸೇರಿಸಿದೆ. ಅವಳು ಹಾಕಿಕೊಂಡು ಬೀಸಿ ನೋಡಿ, ಅಮ್ಮಾ, ಏನೂ ಹಾಕಿಕೊಂಡೇ ಇಲ್ಲ ಅನ್ನೋ ಹಾಗಿದೆ ಅಂದಳು. ಆ ಮಾತಿಗೆ ನನ್ನ ದಣಿವೆಲ್ಲ ಹೋಯಿತು.

ಟೂರ್ನಮೆಂಟ್ ಬೆಂಗಳೂರಿನ ಆಚೆ ಬದಿಯಲ್ಲಿ. ಮೊದಲ ದಿನ ಅವಳ ಸರದಿ ಬೆಳಗ್ಗೆ 6:50ಕ್ಕೆ. ಹೊಸೂರಿನಿಂದ ಅಷ್ಟು ಹೊತ್ತಿಗೆ ಸಿಲ್ಕ್ ಬೋರ್ಡ್ ದಾಟಿ ಆ ತುದಿಗೆ ಹೋಗುತ್ತೇವೆ ಅನ್ನುವ ನಂಬಿಕೆ ನಮಗಿರಲಿಲ್ಲ. ಲಾಡ್ಜ್ ಮಾಡಿದೆವು. ಪ್ರವೇಶ ಶುಲ್ಕ, ಎರಡು ದಿನದ ಕ್ಯಾಡಿ, ಲಾಡ್ಜ್, ಊಟ, ಆಟೊ ಎಲ್ಲ ಸೇರಿ 11,400 ರೂಪಾಯಿ.

ಹೆತ್ತವರು ಬ್ಯಾಗ್ ಹಿಡಿಯುವ ಹಾಗಿಲ್ಲ ಅಂತ ಅಲ್ಲಿಗೆ ಹೋದಮೇಲೆ ತಿಳಿಯಿತು. ರಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿಗೆ ಅಪ್ಪ ಕ್ಯಾಡಿ, ಟೋಕಿಯೊದಲ್ಲಿ ಅಮ್ಮ. ನಾನೂ ಬ್ಯಾಗ್ ಹಿಡಿದು ನಡೆಯಬೇಕು ಅಂತ ಮೂರು ವರ್ಷದಿಂದ ಮನಸ್ಸಿನಲ್ಲೇ ಇಟ್ಟುಕೊಂಡಿದ್ದೆ. ಈ ಟೂರ್ನಮೆಂಟ್‌ನಲ್ಲಿ ಹೆತ್ತವರು ಹಗ್ಗದ ಆಚೆ. ಮಾತಾಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ಕ್ಯಾಡಿ ಅಣ್ಣ ಒಳ್ಳೆಯವರು. ನೀವು ಹೋಗಿ ಕಾಫಿ ಕುಡೀರಮ್ಮ, ನಾನು ನೋಡ್ಕೋತೀನಿ ಅಂದರು. ಕಾಫಿ ಎಲ್ಲಿ ಇಳಿಯುತ್ತೆ?

ಮೊದಲ ದಿನ 97 ಹೊಡೆತ. ನಾವು ನೂರು ದಾಟದಿದ್ದರೆ ಸಾಕು ಅಂದುಕೊಂಡಿದ್ದೆವು.

ಎರಡನೇ ದಿನ ಐದನೇ ಹೋಲ್. ಚೆಂಡು ಬಲಗಡೆ ಎತ್ತರದ ಹುಲ್ಲಿಗೆ ಹೋಯಿತು. ಹುಡುಕಲು ಮೂರು ನಿಮಿಷ ಮಾತ್ರ. 2019ಕ್ಕೆ ಮುಂಚೆ ಐದು ನಿಮಿಷ ಇತ್ತಂತೆ. ಸಿಗಲಿಲ್ಲ. ಚೆಂಡು ಕಳೆಯಬಹುದು ಅನ್ನಿಸಿದರೆ ಮುಂದೆ ಹೋಗುವ ಮುಂಚೆಯೇ ಪ್ರಾವಿಷನಲ್ ಅಂತ ಹೇಳಿ ಇನ್ನೊಂದು ಚೆಂಡು ಹೊಡೆದಿಟ್ಟುಕೊಳ್ಳಬಹುದು. ಗಾಬರಿಯಲ್ಲಿ ಅವಳು ಹಾಗೆ ಮಾಡಿರಲಿಲ್ಲ. ಈಗ ಹೊಡೆದ ಜಾಗಕ್ಕೇ ವಾಪಸ್ ಹೋಗಬೇಕು, ಒಂದು ಹೊಡೆತ ದಂಡ ಬೇರೆ. ಜೊತೆಯ ಇಬ್ಬರು ಹುಡುಗಿಯರು ಕಾಯುತ್ತಾ ನಿಂತರು. ನನ್ನ ಮಗಳು ಒಂದು ಕೋಲು, ಒಂದು ಚೆಂಡು ಹಿಡಿದುಕೊಂಡು ಅಷ್ಟುದ್ದ ಹುಲ್ಲಿನ ಮೇಲೆ ಒಬ್ಬಳೇ ಹಿಂದಕ್ಕೆ ಓಡಿದಳು. ಟೋಪಿ ಬಿತ್ತು, ಎತ್ತಿಕೊಂಡಳು. ನಾನು ಹಗ್ಗ ಹಿಡಿದುಕೊಂಡು ನಿಂತಿದ್ದೆ. ಯಜಮಾನರು ನನ್ನ ಕೈ ಮೇಲೆ ಕೈ ಇಟ್ಟರು. ಆ ಹೋಲ್‌ಗೆ 9 ಆಯಿತು.

ಆಟ ಮುಗಿದ ಮೇಲೆ ಮಕ್ಕಳು ಒಂದು ಮೇಜಿನ ಹತ್ತಿರ ಕಾರ್ಡ್ ನೋಡಿ ಸಹಿ ಹಾಕುತ್ತಾರೆ. ನಮ್ಮ ಸ್ಕೋರ್ ಬರೆಯುವುದು ಜೊತೆಯಲ್ಲಿ ಆಡಿದವರು, ನಾವು ಅವರದ್ದನ್ನು ಬರೆಯುತ್ತೇವೆ. ಒಂದೊಂದು ಹೋಲ್ ನೋಡಿ ಸಹಿ ಮಾಡಬೇಕು. ಆಡಿದ್ದಕ್ಕಿಂತ ಕಡಿಮೆ ಬರೆದಿದ್ದು, ನಾವು ಸಹಿ ಹಾಕಿ ಕೊಟ್ಟರೆ ಆಟದಿಂದಲೇ ಹೊರಗೆ. ಮಗಳು ಜಾಸ್ತಿ ಹೊತ್ತು ಕೂತಿದ್ದಳು. ಏನೋ ತೋರಿಸಿ ಮಾತಾಡುತ್ತಿದ್ದಳು. ಆಮೇಲೆ ಹೇಳಿದಳು, ಐದನೇ ಹೋಲ್‌ಗೆ 8 ಅಂತ ಬರೆದಿತ್ತಂತೆ. ದಂಡದ ಹೊಡೆತ ಸೇರಿಸಲು ಆ ಹುಡುಗಿ ಮರೆತಿದ್ದಳು. ಇವಳು 9 ಮಾಡಿಸಿ ಸಹಿ ಹಾಕಿಸಿದ್ದಳು. 101 ಇದ್ದದ್ದು 102 ಆಯಿತು. ನಿಮ್ಮ ಮಕ್ಕಳಿಗೆ ಬೀಸುವುದು ಕಲಿಸುವಾಗಲೇ ಕಾರ್ಡ್ ನೋಡುವುದನ್ನೂ ಕಲಿಸಿ.

23 ಹುಡುಗಿಯರಲ್ಲಿ ಅವಳು 19ನೆಯವಳು.

ಬಸ್‌ನಲ್ಲಿ ಅತ್ತಿಬೆಲೆವರೆಗೆ ಮಾತಾಡಲಿಲ್ಲ. ನಮ್ಮ ಬೀರುವಿನ ಬಾಗಿಲಿಗೆ ಅವಳು ಒಂದು ಚೀಟಿ ಅಂಟಿಸಿದ್ದಾಳೆ: 67, 66, 61, 77. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 2023ರಲ್ಲಿ ಅದಿತಿ ಆಡಿದ ನಾಲ್ಕು ಸುತ್ತು. ಕೊನೆಯ ದಿನಕ್ಕೆ ಮುಂಚೆ ಏಳು ಹೊಡೆತ ಮುಂದಿದ್ದು, ಆ ದಿನ 77 ಆಡಿ ಬೆಳ್ಳಿಗೆ ಇಳಿದರು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗೆದ್ದ ಮೊದಲ ಪದಕ ಅದು. ಮುಂದಿನ ತಿಂಗಳೇ ಸ್ಪೇನ್ ಓಪನ್ ಟೂರ್ನಮೆಂಟ್ ಗೆದ್ದರು. ಅತ್ತಿಬೆಲೆ ದಾಟಿದ ಮೇಲೆ ಮಗಳು ಕೇಳಿದಳು, “ಅಮ್ಮಾ, ಅದಿತಿ ಅಕ್ಕನಿಗೆ ಒಂದೇ ದಿನಕ್ಕೆ ಹದಿನಾರು ಜಾಸ್ತಿ ಆಗಿತ್ತಲ್ವಾ? ನನಗೆ ಐದೇ ತಾನೆ?” ನಾನು ಹೌದು ಪುಟ್ಟಿ ಅಂದೆ. ಆಮೇಲೆ ನನ್ನ ತೊಡೆ ಮೇಲೆ ತಲೆಯಿಟ್ಟು ಮಲಗಿದಳು.

ಫಲಿತಾಂಶದ ಹಾಳೆ ಮರುದಿನ ಬಂತು. ನಾನು ಮೊದಲು ಜಾಗ ನೋಡಲಿಲ್ಲ, ಅಂಕಿಯನ್ನೂ ನೋಡಲಿಲ್ಲ. ಹೆಸರು ನೋಡಿದೆ. ಮೊದಲ ಅಕ್ಷರ ಸರಿಯಾಗಿತ್ತು.

ಮುಂದಿನ ಟೂರ್ನಮೆಂಟ್‌ಗೆ ನಿನ್ನೆ ರಾತ್ರಿ ಅರ್ಜಿ ಹಾಕಿದೆವು. ಎಲ್ಲ ಕಾಗದ ಒಂದೇ ಫೈಲ್‌ನಲ್ಲಿತ್ತು. ಹತ್ತು ನಿಮಿಷಕ್ಕೆ ಮುಗಿಯಿತು. ತಮ್ಮನಿಗೆ ಹೊಸ ಶೇಡ್ ನೆಟ್ ತುಂಡು ಕೇಳಿದ್ದೇನೆ, ಭಾನುವಾರ ತರುತ್ತೇನೆ ಅಂದಿದ್ದಾನೆ.